ಪಟ್ಟಿ ಉಳಿಯಿತು, ಪ್ಲೇಟು ಹೋಯಿತು

ಮಂಗಳೂರಿನಲ್ಲಿ ಹಳೆಯ ಹೆಂಚಿನ ಮನೆಯೊಂದನ್ನು ಕೆಡಹುವುದಕ್ಕೆ ಒಂದು ಕ್ರಮ ಉಂಟು. ಮೊದಲು ಹೋಗುವುದು ಬಾಗಿಲು, ಕಿಟಕಿ, ತೊಲೆ. ಹಳೆಯ ಮರಕ್ಕೆ ಬೆಲೆ ಬಂದಿರುವ ಕಾಲ, ಕೊಳ್ಳುವವರು ಮೊದಲೇ ಬಂದು ಗುರುತು ಹಾಕಿ ಹೋಗಿರುತ್ತಾರೆ. ಆಮೇಲೆ ಹೆಂಚು; ಅದು ಲೆಕ್ಕ ಮಾಡಿ ಕೊಡುವಂಥದ್ದು. ತಾಮ್ರದ ಹಂಡೆ, ಹಿತ್ತಾಳೆಯ ದೀಪ ಅದಕ್ಕೂ ಮುಂಚೆ ಹೆಣ್ಣುಮಕ್ಕಳ ಪಾಲಾಗಿರುತ್ತವೆ. ಎಲ್ಲ ಮುಗಿದ ಮೇಲೆ ಅಟ್ಟದಲ್ಲಿ ಉಳಿದದ್ದನ್ನು ಗುಜರಿಯವನು ಬಂದು ಒಟ್ಟು ಇಷ್ಟು ಅಂತ ಕೊಟ್ಟು ಗೋಣಿಯಲ್ಲಿ ತುಂಬಿಸಿಕೊಂಡು ಹೋಗುತ್ತಾನೆ. ಆ ಗೋಣಿಯಲ್ಲಿ ಹಳೆಯ ಕ್ಯಾಲೆಂಡರು, ಮುರಿದ ಟೇಬಲ್ ಫ್ಯಾನು, ರೇಡಿಯೋದ ಪೆಟ್ಟಿಗೆ ಇವುಗಳ ನಡುವೆ ಒಂದು ಬಿಸ್ಕತ್ತಿನ ಡಬ್ಬಿಯೋ ಷೂ ಪೆಟ್ಟಿಗೆಯೋ ಇರುತ್ತದೆ. ಅದರೊಳಗೆ ಏಳಿಂಚಿನ ಕರಿ ಪ್ಲೇಟುಗಳು.

ಪ್ಲೇಟು ಅಂತಲೇ ನಮ್ಮ ಕಡೆ ಹೇಳುವುದು. ರೆಕಾರ್ಡು ಎನ್ನುವವರೂ ಇದ್ದರು, ಧ್ವನಿಮುದ್ರಿಕೆ ಎಂದು ಪತ್ರಿಕೆಯವರು ಬರೆಯುತ್ತಿದ್ದರು. ದೊಡ್ಡದಕ್ಕೆ ಎಲ್.ಪಿ., ಸಣ್ಣದಕ್ಕೆ ಇ.ಪಿ. ದೊಡ್ಡದನ್ನು ಈಗ ಜನ ಗುರುತಿಸುತ್ತಾರೆ. ಅಲಂಕಾರಕ್ಕೆ ಗೋಡೆಗೆ ತೂಗುಹಾಕುವ ಹೋಟೆಲಿನವರೂ ಇದ್ದಾರೆ. ಸಣ್ಣದನ್ನು ಕೇಳುವವರಿಲ್ಲ. ಬಂದರಿನ ಕಡೆಯ ಒಬ್ಬ ಗುಜರಿಯವರು ನನ್ನೊಡನೆ ಹೇಳಿದ್ದು ಹೀಗೆ: "ಇದು ಕಬ್ಬಿಣ ಅಲ್ಲ, ಪೇಪರ್ ಅಲ್ಲ. ಪ್ಲಾಸ್ಟಿಕ್‌ನವರೂ ತೆಗೊಳ್ಳುದಿಲ್ಲ ಸಾರ್. ಮತ್ತೆಂತ ಮಾಡುದು ಹೇಳಿ."

ಈ ಸಣ್ಣ ಪ್ಲೇಟಿನ ಕತೆ ಸ್ವಲ್ಪ ಹೇಳಬೇಕು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ನಿಮಿಷಕ್ಕೆ ಮೂವತ್ತಮೂರು ಚಿಲ್ಲರೆ ಸುತ್ತು ತಿರುಗುವ ಎಲ್.ಪಿ. ತಂದಿತು. ಮರುವರ್ಷ, 1949ರಲ್ಲಿ, ಎದುರಾಳಿ ಆರ್‌ಸಿಎ ಕಂಪನಿ ನಿಮಿಷಕ್ಕೆ 45 ಸುತ್ತಿನ ಏಳಿಂಚಿನ ತಟ್ಟೆ ತಂದಿತು. ಜಗಳ ಕೊನೆಗೆ ರಾಜಿಯಲ್ಲಿ ಮುಗಿಯಿತು. ದೊಡ್ಡ ಕೃತಿಗೆ ದೊಡ್ಡದು, ಒಂಟಿ ಹಾಡಿಗೆ ಸಣ್ಣದು. ಇಂಗ್ಲೆಂಡಿನಲ್ಲಿ ಸಣ್ಣದು 'ಸಿಂಗಲ್' ಆಯಿತು: ಮುಂದೆ ಒಂದು ಹಾಡು, ಹಿಂದೆ ಒಂದು ಹಾಡು. ನಮ್ಮಲ್ಲಿ ಅದೇ ಅಳತೆಯ ತಟ್ಟೆಯಲ್ಲಿ ಗೆರೆಗಳನ್ನು ಒತ್ತೊತ್ತಾಗಿ ಕೊರೆದು ಎರಡು ಮಗ್ಗುಲಿಗೂ ಎರಡೆರಡು ಹಾಡು ಸೇರಿಸಿದರು. ಒಂದು ಸಿನಿಮಾಕ್ಕೆ ನಾಲ್ಕು ಹಾಡು ಎಂದರೆ ಲೆಕ್ಕ ಸರಿಹೋಗುತ್ತದೆ. ಕೊಡುವ ಕಾಸಿಗೆ ನಾಲ್ಕು ಹಾಡು ಬರಬೇಕೆಂಬುದು ನಮ್ಮ ಗೃಹಸ್ಥರ ಬುದ್ಧಿಗೂ ಒಪ್ಪುತ್ತದೆ ಅನ್ನಿ. ಕಲ್ಕತ್ತೆಯ ಡಂಡಂ ಕಾರ್ಖಾನೆಯಿಂದ ಹೊರಟ ಈ ತಟ್ಟೆಗಳು ರಾಜಕುಮಾರರ ಚಿತ್ರಗಳ ಹಾಡುಗಳನ್ನು ಹೊತ್ತು ನಮ್ಮ ಮನೆಗಳಿಗೆ ಬಂದವು. ಮದುವೆ ಚಪ್ಪರದ ಧ್ವನಿವರ್ಧಕಕ್ಕೂ ಅವೇ, ಆಕಾಶವಾಣಿಗೂ ಅವೇ.

ಸಿಂಗಲ್‌ಗೂ ನಮ್ಮ ಇ.ಪಿ.ಗೂ ಇರುವ ಈ ವ್ಯತ್ಯಾಸವನ್ನು ನನಗೆ ತಿಳಿಹೇಳಿದವರು ಬೆಂದೂರಿನ ಒಬ್ಬರು ಗೆಳೆಯರು. ವಯಸ್ಸು ಎಪ್ಪತ್ತರ ಹತ್ತಿರ. ಹರೆಯದಲ್ಲಿ ಇಗರ್ಜಿಯ ಗಾಯನವೃಂದಕ್ಕೆ ಆರ್ಗನ್ ನುಡಿಸುತ್ತಿದ್ದವರು. ಎಂಬತ್ತರ ದಶಕದ ಆರಂಭದಲ್ಲಿ, ಮಂಗಳೂರಿನ ಎಷ್ಟೋ ಮನೆಗಳ ಹಿರಿಮಗನ ಹಾಗೆ, ಕುವೈತಿಗೆ ಹೋದವರು. ಅವರ ಹುಚ್ಚು ಒಂದೇ ಒಂದು: ಡೆಪೆಷ್ ಮೋಡ್ ಎಂಬ ಇಂಗ್ಲಿಷ್ ತಂಡದ ಸಿಂಗಲ್‌ಗಳು.

ಓದುಗರಲ್ಲಿ ಈ ಹೆಸರು ಕೇಳದವರಿಗಾಗಿ ಒಂದೆರಡು ಮಾತು. ಲಂಡನ್ನಿನ ಪೂರ್ವಕ್ಕೆ ಬಾಸಿಲ್ಡನ್ ಎಂಬ ಪಟ್ಟಣ. 1980ರಲ್ಲಿ ಅಲ್ಲಿನ ನಾಲ್ವರು ಹುಡುಗರು ಕಟ್ಟಿದ ತಂಡ ಇದು. ಡ್ರಮ್ಮು ಇಲ್ಲ. ಇದ್ದದ್ದು ಸಿಂಥಸೈಜರ್, ಅಂದರೆ ವಿದ್ಯುತ್ತಿನಿಂದಲೇ ಸ್ವರ ಹುಟ್ಟಿಸುವ ಕೀಲಿಮಣೆ. ಹೆಸರನ್ನು ಒಂದು ಫ್ರೆಂಚ್ ಫ್ಯಾಶನ್ ಪತ್ರಿಕೆಯಿಂದ ಎತ್ತಿಕೊಂಡರು. ಇಂಥ ಸಂಗೀತಕ್ಕೆ ಸಿಂಥ್ ಪಾಪ್ ಎನ್ನುತ್ತಾರೆ. ನನಗೆ ಅದು ಅಷ್ಟೇನೂ ಹಿಡಿಸಲಿಲ್ಲ. ಮಿಕ್ಸಿ, ವಾಷಿಂಗ್ ಮೆಷಿನ್ ಎರಡೂ ಸೇರಿ ಭಜನೆಗೆ ಕುಳಿತ ಹಾಗೆ ಕೇಳಿಸಿತು. ಹಾಗೆಂದಾಗ ಗೆಳೆಯರು ಸಿಟ್ಟಾಗಲಿಲ್ಲ. "ನೀವು ಆರ್ಗನ್ ಕಲಿತಿದ್ದರೆ ಹೀಗೆ ಹೇಳುತ್ತಿರಲಿಲ್ಲ" ಎಂದು ಒಂದು ತಟ್ಟೆ ತೆಗೆದರು. 1990ರ 'ಎಂಜಾಯ್ ದ ಸೈಲೆನ್ಸ್', ಈ ತಂಡದ ಅತ್ಯಂತ ಹೆಸರಾದ ಹಾಡುಗಳಲ್ಲೊಂದು. ಕುಣಿಸುವ ಹಾಡೆಂದೇ ಜಗತ್ತಿಗೆ ಗೊತ್ತು. ಆದರೆ ಬರೆದ ಮಾರ್ಟಿನ್ ಗೋರ್ ಅದನ್ನು ಮೊದಲು ಕಟ್ಟಿದ್ದು ನಿಧಾನಗತಿಯಲ್ಲಿ, ಹಾರ್ಮೋನಿಯಂ ನಾದದಲ್ಲಿ. ವೇಗ ಹೆಚ್ಚಿಸಿದ್ದು ಆಮೇಲೆ. ಆ ನಿಧಾನದ ಹಾರ್ಮೋನಿಯಂ ರೂಪ ಎಲ್.ಪಿ.ಯಲ್ಲಿಲ್ಲ, ಸಿಂಗಲ್ಲಿನ ಒಂದು ಸೀಮಿತ ಆವೃತ್ತಿಯಲ್ಲಿದೆ. ಅದನ್ನು ಕೇಳಿದೆ. ಬೆಂದೂರಿನ ಆ ಪಡಸಾಲೆಯಲ್ಲಿ ಅದು ಪರದೇಶದ ಹಾಡು ಅನ್ನಿಸಲಿಲ್ಲ.

ಸಿಂಗಲ್ ಸಂಗ್ರಹಿಸುವವರ ಮರ್ಮ ಇಲ್ಲಿದೆ. ಎಲ್.ಪಿ.ಯಲ್ಲಿ ಇಲ್ಲದ್ದು ಸಣ್ಣದರಲ್ಲಿ ಇರುತ್ತದೆ. ಮುಂಬದಿಯ ಹಾಡು ಮಾರಾಟಕ್ಕೆ. ಹಿಂಬದಿಯದ್ದನ್ನು ಯಾರೂ ಅಷ್ಟು ಗಮನಿಸುವುದಿಲ್ಲ ಎಂಬ ಧೈರ್ಯದಲ್ಲಿ ಸಂಗೀತಗಾರರು ಅಲ್ಲಿ ಮನಸ್ಸಿಗೆ ಬಂದದ್ದನ್ನು ಮಾಡುತ್ತಾರೆ. ಈ ತಂಡದ ಮೊದಲ ಸಿಂಗಲ್, 1981ರ ಫೆಬ್ರವರಿಯ 'ಡ್ರೀಮಿಂಗ್ ಆಫ್ ಮಿ', ಅವರ ಮೊದಲ ಎಲ್.ಪಿ.ಯ ಇಂಗ್ಲೆಂಡಿನ ಆವೃತ್ತಿಯಲ್ಲಿ ಸೇರಲಿಲ್ಲ. ಅದರ ಹಿಂಬದಿಯ 'ಐಸ್ ಮೆಷಿನ್' ಕೂಡ ಇಲ್ಲ. 1983ರ 'ಗೆಟ್ ದ ಬ್ಯಾಲೆನ್ಸ್ ರೈಟ್' ಅವರ ಯಾವ ಸ್ಟುಡಿಯೋ ಆಲ್ಬಮ್ಮಿನಲ್ಲೂ ಇಲ್ಲ. ಬೇಕಿದ್ದರೆ ಸಣ್ಣ ತಟ್ಟೆ ಹುಡುಕಬೇಕು, ಇಲ್ಲವೇ ಅವರು ಆಮೇಲೆ ಒಟ್ಟುಮಾಡಿದ ಸಂಕಲನಕ್ಕೆ ಕಾಯಬೇಕು.

ಇನ್ನು ಸಂಖ್ಯೆಗಳ ರುಚಿ ಬೇರೆ. ತಟ್ಟೆ ಹೊರತಂದ ಮ್ಯೂಟ್ ಕಂಪನಿ ಮೊದಲು ತನ್ನದೇ ಸರಣಿಯ ಸಂಖ್ಯೆ ಕೊಟ್ಟಿತು: ಮ್ಯೂಟ್ 13, 14, 16, 18, 22. ನಡುವೆ ಬಿಟ್ಟುಹೋದವು ಬೇರೆಯವರ ಪಾಲಿನವು. 1982ರ ಆಗಸ್ಟಿನ ಹೊತ್ತಿಗೆ ಈ ತಂಡಕ್ಕೇ ಪ್ರತ್ಯೇಕ ಸರಣಿ ಬಂತು. ಅದರ ಹೆಸರು 'ಬಾಂಗ್'. ಬಾಂಗ್ 1, ಬಾಂಗ್ 2, ಹೀಗೆ. ಏಳಿಂಚಿನದಕ್ಕೆ ಹಿಂದೆ ಏಳು, ಹನ್ನೆರಡಿಂಚಿನದಕ್ಕೆ ಹಿಂದೆ ಹನ್ನೆರಡು. ಸೀಮಿತ ಆವೃತ್ತಿಗೆ ಎಲ್ ಅಕ್ಷರ ಬೇರೆ. ರೈಲ್ವೆ ವೇಳಾಪಟ್ಟಿ ಓದುವುದರಲ್ಲಿ ಸುಖ ಕಾಣುವವರು ಇದ್ದಾರಲ್ಲ, ಅವರಿಗೆ ಈ ಮಾತು ಅರ್ಥವಾಗುತ್ತದೆ.

ಗೆಳೆಯರ ಕಚೇರಿಯಲ್ಲಿ ಒಬ್ಬ ಇಂಗ್ಲಿಷಿನವನಿದ್ದ. ರಜೆಗೆ ಊರಿಗೆ ಹೋದಾಗಲೆಲ್ಲ ಅವನಿಗೆ ಒಂದು ಚೀಟಿ ಕೊಡುತ್ತಿದ್ದರು, ಅವನು ತರುತ್ತಿದ್ದ. ಪ್ರತಿಯಾಗಿ ಗೆಳೆಯರು ಮಂಗಳೂರಿನಿಂದ ಅವನಿಗೆ ಗೋಡಂಬಿ ಒಯ್ಯುತ್ತಿದ್ದರು. ತಟ್ಟೆ ಬಂದ ದಿನ ಒಂದು ಡೈರಿಯಲ್ಲಿ ಸಂಖ್ಯೆ, ಹಾಡು, ಹಿಂಬದಿ ಹಾಡು, ತಾರೀಕು ಬರೆಯುವ ಅಭ್ಯಾಸ. ಆರ್ಗನ್ ಕಲಿಸಿದ ಪಾದ್ರಿಯವರು ಹಾಡುಪುಸ್ತಕದ ಪಟ್ಟಿ ಬರೆಯಿಸಿದಾಗಿನಿಂದ ಬಂದದ್ದಂತೆ. 1990ರ ಬೇಸಗೆಯ ಕೊನೆಗೆ ಬಾಂಗ್ 19 ಬಂತು. ಅಲ್ಲಿಗೆ ಮ್ಯೂಟ್ ಸರಣಿಯ ಐದು, ಬಾಂಗ್ ಸರಣಿಯ ಹತ್ತೊಂಬತ್ತು, ಒಟ್ಟು 24 ಸಂಖ್ಯೆ. ಒಂದೂ ಬಿಟ್ಟಿರಲಿಲ್ಲ. ಹನ್ನೆರಡಿಂಚಿನವೂ ಸೇರಿ ಕಪಾಟಿನಲ್ಲಿ ಅರುವತ್ತರ ಹತ್ತಿರ ತಟ್ಟೆಗಳು.

1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಕುವೈತಿನೊಳಗೆ ನುಗ್ಗಿತು.

ಆ ದಿನಗಳನ್ನು ಮಂಗಳೂರಿನವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಪತ್ರಿಕೆಯಲ್ಲಿ ದಿನಾ ಯಾರ ಹೆಸರು ಬಂತು ಎಂದು ಹುಡುಕಿದ ಮನೆಗಳು ಈ ಊರಲ್ಲಿ ಬೇಕಾದಷ್ಟಿವೆ. ಕುವೈತಿನಿಂದ ಬಸ್ಸಿನಲ್ಲಿ ಇರಾಕು, ಅಲ್ಲಿಂದ ಜೋರ್ಡಾನ್, ಮರುಭೂಮಿಯ ಡೇರೆಯಲ್ಲಿ ಸರದಿಗಾಗಿ ಕಾಯುವುದು, ಅಮ್ಮಾನಿನಿಂದ ವಿಮಾನ. ಏರ್ ಇಂಡಿಯಾ 488 ಹಾರಾಟಗಳಲ್ಲಿ ಒಂದು ಲಕ್ಷ ಎಪ್ಪತ್ತು ಸಾವಿರಕ್ಕೂ ಹೆಚ್ಚು ಮಂದಿಯನ್ನು ಊರಿಗೆ ತಂದಿತು. ಕೊಂಕಣ ರೈಲು ಇನ್ನೂ ಬಂದಿರಲಿಲ್ಲ; ಮುಂಬಯಿಯಿಂದ ಮಂಗಳೂರಿಗೆ ಮತ್ತೆ ಬಸ್ಸು. ಗೆಳೆಯರ ಹೆಂಡತಿ, ಎರಡು ವರ್ಷದ ಮಗು, ಒಂದು ಬ್ರೀಫ್‌ಕೇಸು. ಬ್ರೀಫ್‌ಕೇಸಿನಲ್ಲಿ ಪಾಸ್‌ಪೋರ್ಟು, ಸರ್ಟಿಫಿಕೇಟು, ಬ್ಯಾಂಕಿನ ಪುಸ್ತಕ, ಮಗುವಿನ ಔಷಧಿ. ಡೈರಿ ಸೇರಿಕೊಂಡದ್ದು ವಿಳಾಸಗಳು ಅದರಲ್ಲಿದ್ದವು ಎಂಬ ಕಾರಣಕ್ಕೆ. ಮುಂದಿನ ಪುಟಗಳಲ್ಲಿ ವಿಳಾಸ, ಹಿಂದಿನ ಪುಟಗಳಲ್ಲಿ ತಟ್ಟೆಗಳ ಪಟ್ಟಿ.

ಬಾಂಗ್ 20 ಹೊರಬಂದದ್ದು ಅದೇ ಸೆಪ್ಟೆಂಬರ್ 17ರಂದು. ಆಗ ಗೆಳೆಯರು ಮಾವನ ಮನೆಯ ಚಾವಡಿಯಲ್ಲಿ ಕುಳಿತು ಕೆಲಸಕ್ಕೆ ಅರ್ಜಿ ಬರೆಯುತ್ತಿದ್ದರು. ಇದು ಅವರಿಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ.

1992ರಲ್ಲಿ ಮತ್ತೆ ಕುವೈತಿಗೆ ಹೋದರು. ಸಾಲ್ಮಿಯಾದ ಆ ಕಟ್ಟಡ ಇತ್ತು, ಫ್ಲ್ಯಾಟಿಗೆ ಬಾಗಿಲೂ ಇತ್ತು. ಒಳಗೆ ಗೋಡೆಯ ಸ್ವಿಚ್ಚು ಸಹ ಉಳಿದಿರಲಿಲ್ಲ. "ಫ್ರಿಜ್ಜು, ಟಿ.ವಿ. ಒಯ್ದದ್ದು ಸರಿ, ಅದರಿಂದ ಯಾರಿಗಾದರೂ ಪ್ರಯೋಜನ ಆಗಿರುತ್ತದೆ. ಪ್ಲೇಟು ಎಂತಕ್ಕೆ ಮಾರಾಯ್ರೆ?" ಎಂದು ಕೇಳುತ್ತಾರೆ. ಹಾಗೆ ಕೇಳಿ ನಗುತ್ತಾರೆ. ಆ ಕಾಲದಲ್ಲಿ ಜೀವ ಕಳೆದುಕೊಂಡವರಿದ್ದಾರೆ, ಇಪ್ಪತ್ತು ವರ್ಷದ ಉಳಿತಾಯ ಕಳೆದುಕೊಂಡವರಿದ್ದಾರೆ; ಅಂಥವರ ಎದುರು ಅರುವತ್ತು ಪ್ಲೇಟಿನ ಮಾತೆತ್ತುವುದಕ್ಕೆ ನಾಚಿಕೆ. ಆದ್ದರಿಂದಲೇ ಇರಬೇಕು, ಎರಡು ದಶಕ ಅವರು ಇದನ್ನು ಯಾರಲ್ಲೂ ಆಡಲಿಲ್ಲ.

ನಿವೃತ್ತರಾಗಿ ಮಂಗಳೂರಿಗೆ ಬಂದ ಮೇಲೆ ಡೈರಿ ತೆಗೆದರು. ಪಟ್ಟಿ ಇದ್ದದ್ದರಿಂದ ಕೆಲಸ ಸುಲಭವಾಯಿತು. ಇಂದಿನ ದಿನ ಯಾವ ತಟ್ಟೆ ಯಾವ ದೇಶದಲ್ಲಿ ಯಾವ ಬಣ್ಣದ ಲಕೋಟೆಯಲ್ಲಿ ಬಂತು ಎಂಬುದಕ್ಕೆಲ್ಲ ಅಂತರಜಾಲದಲ್ಲಿ ಲೆಕ್ಕ ಉಂಟು. 2000ದಲ್ಲಿ ಆರಂಭವಾದ ಡಿಸ್ಕಾಗ್ಸ್ ಎಂಬ ಕೋಶ ಮೊದಲು ಕೈಹಾಕಿದ್ದೇ ಇಂಥ ಎಲೆಕ್ಟ್ರಾನಿಕ್ ಸಂಗೀತದ ತಟ್ಟೆಗಳಿಗೆ. ಸಂಖ್ಯೆ ಒತ್ತಿದರೆ ಜಾತಕ ಬರುತ್ತದೆ. ಜರ್ಮನಿಯಿಂದಲೋ ಇಂಗ್ಲೆಂಡಿನಿಂದಲೋ ಯಾರೋ ಅಂಚೆಗೆ ಹಾಕುತ್ತಾರೆ. ತಟ್ಟೆಯ ಬೆಲೆಗಿಂತ ಅಂಚೆ, ಸುಂಕ ಇವೇ ಹೆಚ್ಚು. ಅದೂ ಅಲ್ಲದೆ ತಟ್ಟೆಗಳಿಗೆ ಮತ್ತೆ ಯೌವನ ಬಂದಿದೆ. ಅಮೆರಿಕದಲ್ಲಿ 2022ರಲ್ಲಿ ಸಿ.ಡಿ.ಗಿಂತ ತಟ್ಟೆಗಳೇ ಹೆಚ್ಚು ಮಾರಾಟವಾದವು. 1987ರ ನಂತರ ಅದೇ ಮೊದಲು. ಈ ತಂಡದವರೇ 2018ರಿಂದ ಹಳೆಯ ಸಿಂಗಲ್‌ಗಳನ್ನು ಹನ್ನೆರಡಿಂಚಿನ ತಟ್ಟೆಗಳಾಗಿ ಪೆಟ್ಟಿಗೆಯಲ್ಲಿ ಜೋಡಿಸಿ ಮಾರತೊಡಗಿದರು. ಅದು ಗೆಳೆಯರಿಗೆ ಬೇಡ. ಹಳೆಯದೇ ಆಗಬೇಕು. ಬಂದ ಲಕೋಟೆಯೊಂದರ ಮೂಲೆಯಲ್ಲಿ ಬಾಲ್ ಪೆನ್ನಿನಿಂದ ಯಾರೋ ಹುಡುಗಿಯ ಹೆಸರು, 1984 ಎಂಬ ವರ್ಷ. ಅದನ್ನು ಅಳಿಸುವ ಮಾತೇ ಇಲ್ಲ. 24ರಲ್ಲಿ ಈಗ 22 ಇವೆ. ತಂಡದ ಸ್ಥಾಪಕರಲ್ಲೊಬ್ಬರಾದ ಆಂಡಿ ಫ್ಲೆಚರ್ 2022ರ ಮೇ ತಿಂಗಳಲ್ಲಿ ತೀರಿಕೊಂಡಾಗ ಎಲ್ಲವನ್ನೂ ಕ್ರಮವಾಗಿ ಹಾಕಿ ಕೇಳಿದರಂತೆ. ಬೆಳಿಗ್ಗೆ ಶುರುಮಾಡಿ ಮಧ್ಯಾಹ್ನದ ಊಟಕ್ಕೆ ಕರೆದರೂ ಏಳಲಿಲ್ಲ ಎಂದು ಅವರ ಹೆಂಡತಿಯ ದೂರು.

ಒಬ್ಬನೇ ಕಲಾವಿದನದ್ದು ಎಲ್ಲವೂ ಇರಬೇಕೆಂಬ ಈ ಹಠ ನಮ್ಮ ನಾಡಿಗೆ ಹೊಸದಲ್ಲ, ಅರಮನೆಯಲ್ಲೂ ಇತ್ತು. ಮೈಸೂರಿನ ಜಯಚಾಮರಾಜೇಂದ್ರ ಒಡೆಯರು ಪಾಶ್ಚಾತ್ಯ ಸಂಗೀತದ ತಟ್ಟೆಗಳನ್ನು ಕೂಡಿಹಾಕಿದ್ದರು. ಇಪ್ಪತ್ತು ಸಾವಿರ ಎಂದು ಅಂದಾಜು. ಅವರಿಗೆ ನಿಕೊಲಾಯ್ ಮೆಟ್ನರ್ ಎಂಬ ರಷ್ಯನ್ ಸಂಗೀತಗಾರ ಅಚ್ಚುಮೆಚ್ಚು. ಮೆಟ್ನರ್ ಆಗ ಲಂಡನ್ನಿನಲ್ಲಿ ಬಡತನ, ಅನಾರೋಗ್ಯ ಎರಡರಲ್ಲೂ ಇದ್ದರು. ಅವರ ತಟ್ಟೆಗಳು ಸಾಕಷ್ಟು ಇರಲಿಲ್ಲ. ಇಲ್ಲದಿದ್ದರೆ ಮಾಡಿಸಿದರಾಯಿತು! ಮಹಾರಾಜರು ಹಣ ಕೊಟ್ಟು ಮೆಟ್ನರ್ ಸೊಸೈಟಿಯನ್ನೇ ನಿಲ್ಲಿಸಿ, ಎಚ್‌ಎಂವಿಯಲ್ಲಿ ಮೆಟ್ನರ್ ಅವರೇ ಪಿಯಾನೋ ನುಡಿಸಿದ ಕೃತಿಗಳನ್ನು ಮುದ್ರಿಸಿಸಿದರು. ಮೆಟ್ನರ್ ತಮ್ಮ ಮೂರನೆಯ ಪಿಯಾನೋ ಕನ್ಸರ್ಟೋವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದ್ದಾರೆ. 1951ರಲ್ಲಿ ಅವರು ಕಣ್ಣುಮುಚ್ಚಿದರು. ಅವರ ಕೈಯ ನುಡಿಕೆ ಇಂದು ಜಗತ್ತಿಗೆ ಇಷ್ಟು ದೊರೆಯುವುದಕ್ಕೆ ಮೈಸೂರಿನ ಖಜಾನೆ ಕಾರಣ. ಬೆಂದೂರಿನ ನಿವೃತ್ತ ಗುಮಾಸ್ತರಿಗೆ ಆ ಸೌಲಭ್ಯ ಇಲ್ಲ. ಇದ್ದಿದ್ದರೆ ಏನಾಗುತ್ತಿತ್ತು ಎಂದು ಊಹಿಸಿಕೊಳ್ಳಲು ಅವರ ಹೆಂಡತಿಗೆ ಹೆದರಿಕೆಯಾಗುತ್ತದೆ.

ಇರಲಿ. ಈ ಊರಿನಲ್ಲಿ ತಟ್ಟೆ ಸಾಕುವುದು ಎಂದರೆ ಮಳೆಯೊಡನೆ ಜಗಳ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ ಜಾಗ. ತಟ್ಟೆಗೆ ನೀರಿನಿಂದ ಅಷ್ಟು ಹಾನಿ ಇಲ್ಲ, ಅದು ಪ್ಲಾಸ್ಟಿಕ್. ಹಾಳಾಗುವುದು ಕಾಗದದ ಲಕೋಟೆ, ನಡುವಿನ ಲೇಬಲ್ಲು. ಜುಲೈಯಲ್ಲಿ ಬೂಷ್ಟು ಹಿಡಿದು ಆಗಸ್ಟಿನಲ್ಲಿ ಅದು ಗೆರೆಗಳೊಳಗೂ ಇಳಿಯುತ್ತದೆ. ಆಮೇಲೆ ಸೂಜಿ ಇಟ್ಟರೆ ಹುರಿಗಡಲೆ ಹುರಿದ ಸದ್ದು. ಅವರ ಮದ್ದು ಸರಳ. ಭಟ್ಟಿ ಇಳಿಸಿದ ನೀರು, ಪಾತ್ರೆ ತೊಳೆಯುವ ದ್ರವದ ಒಂದು ತೊಟ್ಟು, ಮೆತ್ತನೆಯ ಬಟ್ಟೆ, ಗೆರೆ ಹೋದ ದಿಕ್ಕಿನಲ್ಲೇ ಒರೆಸುವುದು, ಲೇಬಲ್ಲಿಗೆ ನೀರು ತಾಗಿಸದಿರುವುದು. ಇಡುವುದು ಯಾವಾಗಲೂ ನೆಟ್ಟಗೆ, ಪುಸ್ತಕದ ಹಾಗೆ. ಮಲಗಿಸಿ ಒಂದರ ಮೇಲೊಂದು ಪೇರಿಸಿದರೆ ಬಾಗುತ್ತವೆ. ಹಳೆಯ 78 ಸುತ್ತಿನ ತಟ್ಟೆ ಅರಗಿನದ್ದು. ಅದನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಕರಗಿಯೇ ಹೋಗುತ್ತದೆ. ಅದಕ್ಕೆ ಸೂಜಿಯೂ ಬೇರೆ, ದಪ್ಪದ್ದು. ಅಟ್ಟದಲ್ಲಿ ಅಜ್ಜನ ಕಾಲದ ತಟ್ಟೆ ಸಿಕ್ಕಿದವರು ಇಷ್ಟು ತಿಳಿದಿದ್ದರೆ ಸಾಕು.

ಈಗ ಗುಜರಿಯ ವಿಷಯಕ್ಕೆ ಬರೋಣ. ಬಾಕಿ ಉಳಿದ ಎರಡು ಸಂಖ್ಯೆ ಎಲ್ಲಾದರೂ ಗಲ್ಫಿನವರ ಮನೆಯಿಂದ ಬಂದಿರಬಹುದೆಂಬ ಆಸೆಯಿಂದ ಗೆಳೆಯರು ಬಂದರಿನ ಗುಜರಿ ಅಂಗಡಿಗಳಿಗೆ ಹೋಗತೊಡಗಿದರು. ಅವು ಸಿಗಲಿಲ್ಲ. ಸಿಕ್ಕಿದ್ದು ನಮ್ಮವೇ. 'ಗೆಜ್ಜೆ ಪೂಜೆ', 'ನಾಗರಹಾವು', 'ಎರಡು ಕನಸು' ಮುಂತಾದ ಚಿತ್ರಗಳ ಇ.ಪಿ.ಗಳು. ನಮ್ಮ ಆರೂರಿನ ಪಿ. ಕಾಳಿಂಗರಾಯರ ಭಾವಗೀತೆ. ಗೋವೆಯ ಕ್ರಿಸ್ ಪೆರಿ, ಲೋರ್ನಾ ಅವರ ಕೊಂಕಣಿ ಹಾಡುಗಳು. ಇಲ್ಲಿನ ಮದುವೆ ಮನೆಗಳಲ್ಲಿ ಅದಕ್ಕೆ ಕುಣಿಯದ ಕಾಲು ಕಡಿಮೆ. 1971ರ 'ಎನ್ನ ತಂಗಡಿ'ಯಿಂದ ಶುರುವಾದ ತುಳು ಸಿನಿಮಾದ ಹಾಡುಗಳು. ಅವರು ತಂದದ್ದು ದಯೆಯಿಂದ, ಅಕ್ಕರೆಯಿಂದಲ್ಲ. ತಾನು ತರದಿದ್ದರೆ ಹೊಂಡಕ್ಕೆ ಹೋಗುತ್ತದಲ್ಲ ಎಂದು. ಮನೆಗೆ ತಂದು ತೊಳೆದು, ಒಣಗಿಸಿ, ಅಭ್ಯಾಸಬಲದಿಂದ ಪಟ್ಟಿ ಬರೆಯಲು ಕುಳಿತರು. ಅಲ್ಲಿ ಸಿಕ್ಕಿಬಿದ್ದರು.

ಏಕೆಂದರೆ ತಾಳೆ ನೋಡಲು ಏನೂ ಕೈಗೆ ಸಿಗಲಿಲ್ಲ. ಬಾಸಿಲ್ಡನ್ನಿನ ಹುಡುಗರ ಸಣ್ಣ ತಟ್ಟೆಯ ಹಿಂಬದಿಯ ಹಾಡು ಎಷ್ಟು ನಿಮಿಷ ಎಷ್ಟು ಸೆಕೆಂಡು ಎಂಬುದು ಬೆಂದೂರಿನಲ್ಲಿ ಕುಳಿತವರಿಗೆ ಗೊತ್ತಾಗುತ್ತದೆ. ಬೆಂದೂರಿನ ಅಟ್ಟದಿಂದ ಬಂದ ಖಾಸಗಿ ಕೊಂಕಣಿ ತಟ್ಟೆಯಲ್ಲಿ ಪಿಟೀಲು ನುಡಿಸಿದವರು ಯಾರು, ಯಾವ ವರ್ಷದ್ದು, ಇದೇ ಗಾಯಕರ ಇನ್ನೆಷ್ಟು ತಟ್ಟೆ ಇದ್ದವು ಎಂಬುದು ಅಲ್ಲೇ ಕುಳಿತವರಿಗೆ ತಿಳಿಯುವುದಿಲ್ಲ. ಕನ್ನಡ ಸಿನಿಮಾದ ಹಾಡುಗಳಿಗೆ ಅಭಿಮಾನಿಗಳಿದ್ದಾರೆ, ಅವರು ಬರೆದಿಟ್ಟಿದ್ದಾರೆ. ತುಳು, ಕೊಂಕಣಿಯ ಸಣ್ಣ ತಟ್ಟೆಗಳಿಗೆ ಹೆಚ್ಚಿನ ಆಧಾರ ಹಿರಿಯರ ನೆನಪು. ಆಮೇಲೆ ಕ್ಯಾಸೆಟ್ಟಿನ ಕಾಲ ಬಂತು. 1978ರ 'ನಿತ್ಯೋತ್ಸವ'ದಿಂದ ಕನ್ನಡ ಭಾವಗೀತೆ ಕ್ಯಾಸೆಟ್ಟಿಗೆ ಏರಿತು, ಯಕ್ಷಗಾನವಂತೂ ಇಡೀ ಪ್ರಸಂಗ ಕ್ಯಾಸೆಟ್ಟಿನಲ್ಲಿ ಸಿಗತೊಡಗಿತು, ನಾಲ್ಕು ಹಾಡಿನ ತಟ್ಟೆ ಅಟ್ಟ ಹತ್ತಿತು. ಹೊಸದು ಬಂದಾಗ ಹಳೆಯದರ ಲೆಕ್ಕ ಯಾರು ಇಡುತ್ತಾರೆ?

ಲೆಕ್ಕ ಇಟ್ಟರೆ ಏನಾಗುತ್ತದೆ ಎಂಬುದಕ್ಕೂ ಉದಾಹರಣೆ ಇದೆ. ಮೈಕೆಲ್ ಕಿನ್ನಿಯರ್ ಎಂಬ ಆಸ್ಟ್ರೇಲಿಯಾದವರು ಭಾರತದ ಮೊತ್ತಮೊದಲ ಗ್ರಾಮೊಫೋನ್ ತಟ್ಟೆಗಳ ಸಂಖ್ಯೆ ಸಂಖ್ಯೆಯನ್ನೂ ಹೆಕ್ಕಿ, 1899ರಿಂದ 1908ರವರೆಗಿನದ್ದಕ್ಕೆ ಒಂದು ಪುಸ್ತಕವನ್ನೇ ಮಾಡಿ 1994ರಲ್ಲಿ ಪ್ರಕಟಿಸಿದರು. ಆ ಕಾಲದ ಗೋಹರ್ ಜಾನ್ ಹೆಸರು ಕೇಳಿರಬಹುದು. 1902ರ ನವೆಂಬರಿನಲ್ಲಿ ಕಲ್ಕತ್ತೆಯಲ್ಲಿ ಹಾಡಿದವರು, ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಅಲ್ಲೇ ತೀರಿಕೊಂಡವರು. ಅವರು ತಟ್ಟೆಯ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತಮ್ಮ ಹೆಸರನ್ನು ತಾವೇ ಕೂಗಿ ಹೇಳುತ್ತಿದ್ದರು. ಜಂಬವಲ್ಲ. ತಟ್ಟೆ ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರಿನಲ್ಲಿ; ಅಲ್ಲಿನವರಿಗೆ ಯಾವ ಲೇಬಲ್ ಯಾವುದಕ್ಕೆ ಅಂಟಿಸಬೇಕೆಂದು ತಿಳಿಯಲಿ ಎಂದು. ವಿಕ್ರಮ್ ಸಂಪತ್ ಅವರ ಬಗ್ಗೆ 2010ರಲ್ಲಿ ಪುಸ್ತಕ ಬರೆದರು, ಹಳೆಯ ತಟ್ಟೆಗಳ ಧ್ವನಿಯನ್ನು ಉಳಿಸುವ ಕೆಲಸಕ್ಕೂ ಕೈಹಚ್ಚಿದರು.

ಇನ್ನೊಂದು ಉದಾಹರಣೆ ಸಿಂಥಸೈಜರಿಗೇ ಸಂಬಂಧಿಸಿದ್ದು, ಆದ್ದರಿಂದ ಗೆಳೆಯರಿಗೆ ಪ್ರಿಯ. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನು ಸಿಂಥಸೈಜರಿನಲ್ಲಿ, ಡಿಸ್ಕೋ ತಾಳಕ್ಕೆ ನುಡಿಸಿ ಎಚ್‌ಎಂವಿಯಲ್ಲಿ ಒಂದು ಎಲ್.ಪಿ. ಮಾಡಿದರು. ಭೈರವ್, ಯಮನ್, ಕಲಾವತಿ, ಎಲ್ಲ ಯಂತ್ರದಲ್ಲಿ! ಕೊಳ್ಳುವವರಿರಲಿಲ್ಲ. ಇಪ್ಪತ್ತು ವರ್ಷದ ಮೇಲೆ ಒಬ್ಬ ಡಚ್ ಸಂಗ್ರಾಹಕ ದಿಲ್ಲಿಯ ಅಂಗಡಿಯೊಂದರಲ್ಲಿ ಅದನ್ನು ಕಂಡು, 2010ರಲ್ಲಿ ಮತ್ತೆ ಅಚ್ಚುಹಾಕಿಸಿದ. ಪಶ್ಚಿಮದವರು ಐದು ವರ್ಷ ತಡವಾಗಿ ಕಂಡುಕೊಂಡ ನಾದ ಇದರಲ್ಲಿ ಆಗಲೇ ಇದೆಯಲ್ಲ ಎಂದು ಯುರೋಪಿನವರು ಬೆರಗಾದರು. 2015ರಲ್ಲಿ ತೀರಿಕೊಳ್ಳುವ ಮೊದಲು ಚರಣ್‌ಜಿತ್ ಸಿಂಗ್ ಆ ಬೆರಗನ್ನು ಕಣ್ಣಾರೆ ಕಂಡರು. ಅಂಗಡಿಯವನು ಆ ಕಟ್ಟನ್ನು ಒಂದು ವಾರ ಮೊದಲು ಗುಜರಿಗೆ ಹಾಕಿದ್ದರೆ ಏನಾಗುತ್ತಿತ್ತೋ.

ಬೆಂದೂರಿನ ಮನೆಯಲ್ಲಿ ಈಗ ಎರಡು ಪುಸ್ತಕಗಳಿವೆ. ಒಂದು ಕುವೈತಿನಿಂದ ಬಂದ ಡೈರಿ. ಇನ್ನೊಂದು ಶಾಲೆಯ ಮಕ್ಕಳ ಉದ್ದ ನೋಟುಪುಸ್ತಕ. ಅದರಲ್ಲಿ ಕಂಪನಿ, ಲೇಬಲ್ಲಿನ ಸಂಖ್ಯೆ, ಗಾಯಕರು, ಸಂಗೀತ, ಸಾಹಿತ್ಯ, ಯಾವ ಕೇರಿಯ ಮನೆಯಿಂದ ಬಂತು ಎಂಬ ಅಂಕಣಗಳು. ಬರೆದದ್ದು ನೂರ ನಲುವತ್ತು ದಾಟಿದೆ. ಮನೆಯನ್ನು ಬಿಲ್ಡರಿಗೆ ಕೊಡುವ ಮಾತುಕತೆ ನಡೆಯುತ್ತಿದೆ. ಫ್ಲ್ಯಾಟಿಗೆ ಅಟ್ಟ ಇರುವುದಿಲ್ಲ. ಕುವೈತಿನಿಂದ ಎತ್ತಿಕೊಂಡು ಬಂದ ಮಗು ಈಗ ಕೆನಡಾದಲ್ಲಿ ಎಂಜಿನಿಯರು, "ಪಪ್ಪಾ, ಇಂಗ್ಲಿಷಿನದ್ದಕ್ಕೆ ಒಳ್ಳೆ ಬೆಲೆ ಬರುತ್ತದೆ, ಮಾರಿ ಬಿಡಿ. ಮತ್ತೆ ಆ ಬೇರೆಯದ್ದನ್ನು ಎಂತ ಮಾಡ್ತೀರಿ?" ಎಂದು ಫೋನಿನಲ್ಲಿ ಕೇಳಿದ್ದಾನೆ. ಅವನು ಕೇಳಿದ್ದರಲ್ಲಿ ತಪ್ಪಿಲ್ಲ. ಡೈರಿಯ 22 ತಟ್ಟೆ ಯಾರಿಗೆ ಮಾರಿದರೂ ಸುರಕ್ಷಿತ, ಕೊಂಡವನು ಕಣ್ಣಿಗೊತ್ತಿಕೊಂಡು ಇಟ್ಟುಕೊಳ್ಳುತ್ತಾನೆ. ಜೊತೆಯವು ಜಗತ್ತಿನಲ್ಲಿ ಸಾವಿರಗಟ್ಟಲೆ ಇವೆ. ನೋಟುಪುಸ್ತಕದವನ್ನು ಕೊಳ್ಳುವವರಿಲ್ಲ. ದಾನ ಕೊಡೋಣವೆಂದು ಒಂದೆರಡು ಕಡೆ ವಿಚಾರಿಸಿದಾಗ, ಕೋಣೆ ಇಲ್ಲ, ಹಾಡುಗಳನ್ನು ಪೆನ್ ಡ್ರೈವಿಗೆ ಹಾಕಿ ಕೊಟ್ಟರೆ ಸಾಕು ಎಂಬ ಉತ್ತರ ಬಂತು. ಹಾಡು ಪೆನ್ ಡ್ರೈವಿಗೆ ಬಂದೀತು, ಲೇಬಲ್ಲು ಬರುವುದಿಲ್ಲ. ಯಾರು ಹಾಡಿದ್ದು ಎಂದು ಬರೆದಿರುವುದು ಅಲ್ಲಿ. ನನ್ನನ್ನು ಕೇಳಿದರೆ, ಮಾರುವುದಾದರೆ ಇಂಗ್ಲಿಷಿನದ್ದನ್ನು ಮಾರಿ ಆ ಹಣದಲ್ಲಿ ಮತ್ತೊಂದು ಕಪಾಟು ಮಾಡಿಸಬೇಕು. ಗೆಳೆಯರಿಗೆ ಹಾಗೆ ಹೇಳಿದೆ. ಅವರು ಬಾಂಗ್ 7ರ ಲಕೋಟೆಯನ್ನು ಅಂಗೈಯಿಂದ ಒರೆಸುತ್ತ ಕುಳಿತರು, ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ.

ಕಳೆದ ಮಳೆಗಾಲಕ್ಕೆ ಮುಂಚೆ ಬಂದ ಒಂದು ತಟ್ಟೆಯನ್ನು ಆ ದಿನ ತೋರಿಸಿದರು. ಲಕೋಟೆ ಇಲ್ಲ. ಎರಡು ಕಡೆಯ ಲೇಬಲ್ಲನ್ನೂ ಗೆದ್ದಲು ಪೂರ್ತಿ ತಿಂದಿದೆ. ತೊಳೆದು ಹಾಕಿದರೆ ಹಾಡು ಸ್ವಚ್ಛ: ಕೊಂಕಣಿ, ಹೆಣ್ಣುದನಿ, ಮ್ಯಾಂಡೊಲಿನ್, ಹಿಂದೆಲ್ಲೋ ಒಂದು ತುತ್ತೂರಿ. ಹರೆಯದ ದನಿ. ನಾಲ್ಕು ಮಂದಿ ಹಿರಿಯರನ್ನು ಬೇರೆಬೇರೆ ದಿನ ಕರೆದು ಕೇಳಿಸಿದ್ದಾರೆ. ಒಬ್ಬರು ಉಚ್ಚಾರ ಗೋವೆಯದ್ದೆಂದರು. ಇನ್ನೊಬ್ಬರು ಖಂಡಿತ ಅಲ್ಲ, ಇದು ನಮ್ಮ ಉಡುಪಿ ಕಡೆಯ ಕೊಂಕಣಿ ಎಂದರು. ಮೂರನೆಯವರು, ನಾಲ್ಕನೆಯವರು ಹಾಡಿದವಳ ಹೆಸರನ್ನೇ ಹೇಳಿದರು, ಎರಡು ಬೇರೆ ಹೆಸರು. ಟಾರ್ಚು ಓರೆಯಾಗಿ ಹಿಡಿದರೆ ಹಾಡು ಮುಗಿದ ಮೇಲಿನ ನುಣ್ಣನೆಯ ಅಂಚಿನಲ್ಲಿ ಕಾರ್ಖಾನೆಯವರು ಕೊರೆದ ಸಂಖ್ಯೆ ಕಾಣುತ್ತದೆ. ಒಂದಂಕಿಯೂ ಮಾಸಿಲ್ಲ, ನಾನೂ ಓದಿದೆ. ನೋಟುಪುಸ್ತಕದಲ್ಲಿ ಆ ಸಂಖ್ಯೆಯನ್ನು ಶಾಯಿಯಲ್ಲಿ ಬರೆದಿದ್ದಾರೆ. ಎದುರಿಗೆ ಎರಡೂ ಹೆಸರು, ಪೆನ್ಸಿಲಿನಲ್ಲಿ.